ಗುಡ್ಡದ ಮನೆಗೆ ಒಂದು ಟ್ರಯಲ್

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಆರಿಸಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಬಹುಶಃ ಅವರ ಕಾಲದಲ್ಲಿ ಆರಿಸುವುದಕ್ಕೆ ಏನೂ ಇರಲಿಲ್ಲ. ಈ ದರ್ಜಿಯ ಸಂಸಾರದ ಮುಂದೆ ಮಾತ್ರ ಎರಡು ಮನೆಗಳಿದ್ದವು. ಎರಡೂ ಊರಾಚೆ, ಒಂದೇ ರೈಲು ದಾರಿಯಲ್ಲಿ. ಒಂದು ಹಳಿ ಪಕ್ಕದ ಬಡಾವಣೆಯಲ್ಲಿ. ರೈಲಿನಿಂದ ಇಳಿದು ರಸ್ತೆ ದಾಟಿದರೆ ಬಾಗಿಲು, ಕಿಟಕಿ ತೆಗೆದರೆ ಗಡಗಡ ಸದ್ದು, ಅತ್ತೆಗೆ ಕೊಡಬಹುದಾದ ಕೋಣೆಯೋ ಉಗ್ರಾಣದಷ್ಟು. ಇನ್ನೊಂದು ಅದರ ಮುಂದಿನ ನಿಲ್ದಾಣದಲ್ಲಿ, ಗುಡ್ಡದ ಮೇಲೆ. ಅಂಗಳ, ನಿಂಬೆ ಗಿಡ, ನೆಲಮಹಡಿಯಲ್ಲೇ ಅತ್ತೆಗೊಂದು ಬೆಳಕಿನ ಕೋಣೆ. ಆದರೆ ನಿಲ್ದಾಣದಿಂದ ಗುಡ್ಡ ಹತ್ತಲು ಬಸ್ಸಿಲ್ಲ, ಕಾರೇ ಗತಿ.

ಕಾರು ಓಡಿಸುವವಳು ಹೆಂಡತಿ. ದರ್ಜಿಗೆ ಹೊಲಿಗೆ ಯಂತ್ರದ ಪೆಡಲು ಬಿಟ್ಟರೆ ಬೇರೆ ಪೆಡಲು ತುಳಿದು ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ಕಲಿಯಲು ಹೋಗಿ ಒಂದು ಗೇಟನ್ನು ಮಲಗಿಸಿ ಬಂದ ಮೇಲೆ, ತನ್ನ ಪಾಲಿನ ಧೈರ್ಯವನ್ನೆಲ್ಲ ಹೆಂಡತಿಯ ಕೈಗೆ ಕೊಟ್ಟು ಪಕ್ಕದಲ್ಲಿ ಆರಾಮಾಗಿ ಕೂರುತ್ತಿದ್ದ.

ಆ ಹೆಂಡತಿಗೆ ಕಣ್ಣು ಹೋಗುತ್ತಿತ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಹಲ್ಲು ಕಟ್ಟುವವಳು. ಬೊಕ್ಕಬಾಯಿಗಳ ಅಚ್ಚು ಎದುರಿಗಿಟ್ಟುಕೊಂಡು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವ ಕೆಲಸ. ನೇರ ಎದುರಿಗಿದ್ದದ್ದು ಅವಳಿಗೆ ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ, ಕೂದಲೆಳೆಯಷ್ಟು ಓರೆಯಾದರೂ ಹಿಡಿಯುತ್ತಾಳೆ. ಹೋಗುತ್ತಿದ್ದದ್ದು ಪಕ್ಕದ ನೋಟ. ಪಕ್ಕದಲ್ಲಿಟ್ಟ ಸ್ಟೂಲು, ತೆರೆದಿಟ್ಟ ಕಪಾಟಿನ ಬಾಗಿಲು, ಎಡಗಡೆಯಿಂದ ಬಂದ ಮನುಷ್ಯ, ಇವೆಲ್ಲ ಅವಳ ಪಾಲಿಗೆ ಇದ್ದಕ್ಕಿದ್ದಂತೆ ಹುಟ್ಟಿಕೊಳ್ಳುತ್ತಿದ್ದವು. ಬಾಗಿಲ ಕಿಂಡಿಯಿಂದ ಹೊರಗೆ ನೋಡಿದ ಹಾಗೆ. ಕತ್ತಲಾದರೆ ಆ ಕಿಂಡಿಯೂ ಮಂಜು. ಬೇಸಿಗೆಯಲ್ಲಿ ಒಬ್ಬಳೇ ಹೋಗಿ ಕಣ್ಣಿನ ಡಾಕ್ಟರನ್ನು ಕಂಡಿದ್ದಳು. ಇದು ವಾಸಿಯಾಗುವುದಲ್ಲ, ಎಷ್ಟು ಬೇಗ ಎಂದು ಹೇಳಲಾಗದು, ಕಾರಂತೂ ಮುಟ್ಟಬೇಡಿ ಎಂದಿದ್ದರು ಅವರು.

ಹೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರಿಗೇನು, ಕೇಳುತ್ತಾರೆ. ಒಂದು ಮಾತು ಬಾಯಿಂದ ಬಿದ್ದರೆ ಮೊದಲು ಕಾರಿನ ಕೀಲಿ ಹೋಗುತ್ತದೆ, ಆಮೇಲೆ ಚಾಕು, ಆಮೇಲೆ ಬಿಸಿ ಪಾತ್ರೆ, ಕೊನೆಗೆ ಮಗಳ ಕೈ ಹಿಡಿದು ರಸ್ತೆ ದಾಟಿಸುವುದೂ ಹೋಗುತ್ತದೆ. ಎಲ್ಲವನ್ನೂ ಪ್ರೀತಿಯಿಂದಲೇ ಕಿತ್ತುಕೊಂಡು ತನ್ನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇವತ್ತು ಬೇಡ, ನಾಳೆ ಎಂದುಕೊಂಡಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಸಂಜೆ ಹೊತ್ತು ಕಾರು ತೆಗೆಯಬೇಕಾದಾಗಲೆಲ್ಲ ತಲೆನೋವು ಬರುತ್ತಿತ್ತು, ಬೆಳಗಿನ ಹೊತ್ತು ಗೊತ್ತಿದ್ದ ರಸ್ತೆಗಳಲ್ಲಿ ಉಸಿರು ಬಿಗಿಹಿಡಿದು ಓಡಿಸುತ್ತಿದ್ದಳು.

ಹಾಗಾಗಿ ಎರಡು ಮನೆಗಳಲ್ಲಿ ಅವಳಿಗೆ ಬೇಕಾದದ್ದು ಹಳಿ ಪಕ್ಕದ್ದು. ಕಣ್ಣು ಪೂರ್ತಿ ಹೋದರೂ ಅಲ್ಲಿಂದ ಕೆಲಸಕ್ಕೆ ಹೋಗಿ ಬರಬಹುದು. ಆದರೆ ನಿಜವಾದ ಕಾರಣ ಹೇಳುವ ಹಾಗಿಲ್ಲವಲ್ಲ. ಗುಡ್ಡದ ಮೇಲೆ ಗಾಳಿ ಜಾಸ್ತಿ ಎಂದಳು, ಅಂಗಡಿ ದೂರ ಎಂದಳು, ಅಂಗಳ ಗುಡಿಸುವವರು ಯಾರು ಎಂದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಂಡ ನಕ್ಕ. ವರ್ಷಗಟ್ಟಲೆ ಅಂಗಳ ಬೇಕು, ಗಿಡ ಬೇಕು ಎಂದು ತಲೆ ತಿಂದವಳು ಇವಳೇ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಜಗ್ಗಾಟ ಸಾಗಿತ್ತು. ಅತ್ತೆ ಮಾತ್ರ ನಗಲಿಲ್ಲ. ಸೊಸೆಗೆ ಬೇಡವಾಗಿರುವುದು ಗುಡ್ಡವೂ ಅಲ್ಲ, ಗಾಳಿಯೂ ಅಲ್ಲ, ಆ ಬೆಳಕಿನ ಕೋಣೆ ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡರು. ಮುದುಕಿಗೆ ಉಗ್ರಾಣವೇ ಸಾಕು ಎಂದು ಸೊಸೆಗೆ ಅನ್ನಿಸಿದೆ ಎಂದು ನೆರೆಮನೆಯವರ ಹತ್ತಿರ ಹೇಳಿಕೊಂಡದ್ದು ತಿರುಗಿ ಅವಳ ಕಿವಿಗೂ ಬಿತ್ತು. ಆದರೂ ಅಲ್ಲ ಅತ್ತೆ ಎನ್ನಲಿಲ್ಲ, ಯಾಕೆಂದರೆ ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ.

ಕೊನೆಗೆ ದರ್ಜಿ ತನ್ನ ಕಸುಬಿನ ಬುದ್ಧಿ ಹೊರತೆಗೆದ. ಮೊದಲು ಕಚ್ಚಾ ಹೊಲಿಗೆ, ಆಮೇಲೆ ಟ್ರಯಲ್, ಆಮೇಲಷ್ಟೇ ಪಕ್ಕಾ ಹೊಲಿಗೆ. ಗಿರಾಕಿಯ ಮೈಮೇಲೆ ಹಾಕಿ ನೋಡದೆ ಅವನು ಒಂದು ಅಂಗಿಗೂ ಗುಂಡಿ ಹೊಲಿದವನಲ್ಲ. ಮನೆಯನ್ನೂ ಹಾಗೇ ಹಾಕಿ ನೋಡೋಣ ಎಂದ. ಕೆಲಸದ ದಿನ, ಆ ಮನೆಯಲ್ಲೇ ಇದ್ದೇವೆ ಎಂದುಕೊಂಡು ನಡೆದುಕೊಳ್ಳುವುದು. ಬೆಳಿಗ್ಗೆ ಅವಳು ಗುಡ್ಡದ ಕೆಳಗಿನ ನಿಲ್ದಾಣದಲ್ಲಿ ಕಾರು ಬಿಟ್ಟು ರೈಲಿನಲ್ಲಿ ಕೆಲಸಕ್ಕೆ ಹೋಗಬೇಕು. ಸಂಜೆ ಎಲ್ಲರೂ ಒಟ್ಟಿಗೆ ರೈಲು ಹತ್ತಿ, ಅಲ್ಲಿಳಿದು, ಕಾರಿನಲ್ಲಿ ಮೇಲೆ ಹೋಗಬೇಕು. ದಲ್ಲಾಳಿ ಮನೆಯ ದೀಪ ಹಾಕಿ ಕಾದಿರುತ್ತಾನೆ. ಮೈಗೆ ಹಿಡಿಸಿದರೆ ಮುಂಗಡ, ಹಿಡಿಸದಿದ್ದರೆ ಹಳಿ ಪಕ್ಕದ್ದು.

ತಲೆನೋವು ಎನ್ನಲು ಆ ದಿನ ಬಾಯಿ ಬರಲಿಲ್ಲ. ಬೇಗ ಹೊರಟರೆ ಬೆಳಕಿರುವಾಗಲೇ ಮೇಲೆ ಸೇರಬಹುದು ಎಂದು ಲೆಕ್ಕ ಹಾಕಿ, ಕೆಲಸದಿಂದ ಅನುಮತಿ ಕೇಳಿ ಎಲ್ಲರಿಗಿಂತ ಮೊದಲೇ ಊರಿನ ನಿಲ್ದಾಣಕ್ಕೆ ಬಂದು ನಿಂತಳು. ಅತ್ತೆ ಮೊಮ್ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದರು. ಗಂಡ ಮಾತ್ರ ಬರಲಿಲ್ಲ. ಯಾವುದೋ ಮದುಮಗನಿಗೆ ಕೋಟಿನ ತೋಳು ಗಿಡ್ಡವಾಗಿತ್ತಂತೆ. ಅವನು ಏದುಸಿರು ಬಿಡುತ್ತ ಬಂದಾಗ ಒಂದು ರೈಲು ಹೋಗಿತ್ತು, ಮುಂದಿನದು ತುಂಬಿ ತುಳುಕುತ್ತಿತ್ತು.

ಆ ರೈಲು ಅರ್ಧ ದಾರಿಯಲ್ಲಿ ಸಿಗ್ನಲ್ಲಿಗಾಗಿ ನಿಂತಿತು. ಅವಳು ಕಿಟಕಿಯ ಆಚೆಗಿನ ಆಕಾಶವನ್ನೇ ನೋಡುತ್ತಿದ್ದಳು. ಹಳದಿ ಬೂದಿಯಾಯಿತು, ಬೂದಿ ನೀಲಿಯಾಯಿತು. ಪಕ್ಕದಲ್ಲಿ ನಿಂತವರೊಬ್ಬರು ಇದು ದಿನಾ ಇದ್ದದ್ದೇ ಎಂದು ಆಕಳಿಸಿದರು. ಗಂಡನಿಗೆ ಖುಷಿ. ನೋಡು, ಟ್ರಯಲ್ ಎಂದರೆ ಇದು, ಭಾನುವಾರ ಬಂದು ಹೋಗಿದ್ದರೆ ಇದೆಲ್ಲ ಗೊತ್ತಾಗುತ್ತಿತ್ತೇ ಎಂದು ಕೇಳಿದ. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಅವಳನ್ನು ಒಳಗಿನಿಂದ ಯಾರೋ ತಿವಿದ ಹಾಗಾಯಿತು. ಸುತ್ತ ಅಷ್ಟೊಂದು ಜನ. ಇಳಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಇಳಿದ ಮೇಲೆ, ಕಾರಿನ ಹತ್ತಿರ ಹೋಗಿ ಹೇಳುತ್ತೇನೆ ಎಂದುಕೊಂಡಳು. ಕಾರಿನ ಬೀಗ ತೆಗೆದದ್ದೇ ಅತ್ತೆ ಒಳಗೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಆಸೆ ಇತ್ತು. ಅವಳು ಕೀಲಿ ತಿರುಗಿಸಿದಳು. ಇದಕ್ಕೆ ಕ್ಷಮೆಯಿಲ್ಲ. ಅವಳಿಗೂ ಅದು ಗೊತ್ತಿತ್ತು.

ಮಗಳನ್ನು ಮನೆಯಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಕಾರು ಹತ್ತಿದಳೆಂದರೆ ಎರಡು ಸೀಟುಗಳ ನಡುವೆ ಗಲ್ಲ ತೂರಿಸಿ, ಕಂಡದ್ದನ್ನೆಲ್ಲ ಒಪ್ಪಿಸುತ್ತಿದ್ದಳು. ಈ ಅಭ್ಯಾಸ ಮೊದಲಿರಲಿಲ್ಲ, ಈಚೆಗೆ ಹತ್ತಿಕೊಂಡದ್ದು. ಅವತ್ತೂ ಶುರುವಾಯಿತು. ಎಡಗಡೆ ಇಬ್ಬರು ಹೋಗುತ್ತಿದ್ದಾರೆ. ಮುಂದೆ ಒಂದು ಸೈಕಲ್, ಅದಕ್ಕೆ ಲೈಟಿಲ್ಲ. ಬಲಗಡೆ ನಾಯಿ, ಈಗ ಎದ್ದಿತು. ಅವಳು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ದೀಪದ ಬೆಳಕು ಬಿದ್ದ ಒಂದು ಹಾಸಿಗೆಯಷ್ಟು ರಸ್ತೆಯನ್ನು ಬಿಟ್ಟರೆ ಬೇರೇನೂ ಕಾಣದೆ, ಆಮೆಯ ಹಾಗೆ ಗುಡ್ಡ ಹತ್ತುತ್ತಿದ್ದಳು. ಮಗಳು ಸೈಕಲ್ ಎಂದಾಗ ಸೈಕಲ್ ಇರಬಹುದಾದ ಕಡೆಗೆ ಮುಖ ತಿರುಗಿಸಿ ಹುಡುಕುತ್ತಿದ್ದಳು. ಅದು ಮಗಳ ಹರಟೆಯಿಂದ ತನಗೆ ಸಿಕ್ಕ ಅದೃಷ್ಟ ಎಂದು ತಿಳಿದಿದ್ದಳೇ ಹೊರತು ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಮೊದಲ ತಿರುವು ದಾಟಿದ ಮೇಲೆ ಬೀದಿದೀಪಗಳು ಮುಗಿದವು.

“ರೇಡಿಯೋ, ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೋ,” ಎಂದರು ಅತ್ತೆ. “ನಿಮ್ಮಮ್ಮ ನೆಮ್ಮದಿಯಾಗಿ ಓಡಿಸ್ಲಿ. ನನಗೂ ತಲೆ ಚಿಟ್ಟು ಹಿಡೀತಿದೆ.”

ಹುಡುಗಿ ಏನೋ ಹೇಳಲು ಹೋದಳು. ಅಪ್ಪನೂ ಗದರಿದ. ಅಜ್ಜಿ ಅವಳನ್ನು ಹಿಂದಕ್ಕೆಳೆದು ತೊಡೆಗೆ ಒರಗಿಸಿಕೊಂಡರು. ಕಾರಿನೊಳಗೆ ಮೌನ ಕವಿಯಿತು. ಆ ಮೌನದಲ್ಲಿ ಸ್ಟಿಯರಿಂಗ್ ಹಿಡಿದವಳಿಗೆ ರಸ್ತೆಯ ಎರಡೂ ಅಂಚು ಅಳಿಸಿಹೋದವು. ನಿಲ್ಲಿಸಬೇಕು, ಮುಂದೆ ಎಲ್ಲಾದರೂ ಅಗಲ ಸಿಕ್ಕಿದರೆ ನಿಲ್ಲಿಸಬೇಕು ಎಂದು ಅಂದುಕೊಳ್ಳುವಷ್ಟರಲ್ಲಿ ಅಜ್ಜಿಯ ತೊಡೆಯಿಂದ ಕತ್ತೆತ್ತಿ ನೋಡುತ್ತಿದ್ದ ಮಗಳು ಕಿಟಾರನೆ ಕಿರುಚಿದಳು.

ಅವಳು ಎರಡೂ ಕಾಲಿನಿಂದ ಬ್ರೇಕು ತುಳಿದಳು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಎಡಗಡೆಯ ಕನ್ನಡಿಗೆ ಏನೋ ಸವರಿದ ಸದ್ದು. ಆಮೇಲೆ ದೀಪದ ಬೆಳಕಿಗೆ ಒಬ್ಬ ಮುದುಕ ಬಂದು ನಿಂತ, ಕೈಯಲ್ಲಿ ತರಕಾರಿ ಚೀಲ. ತನ್ನ ತೋಳನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡ. ಪೆಟ್ಟಾಗಿರಲಿಲ್ಲ, ಅಂಗಿಯ ತೋಳು ಹರಿದಿತ್ತು ಅಷ್ಟೇ. ದರ್ಜಿ ಇಳಿದು ಓಡಿ ಕೈಮುಗಿದ. ಮುದುಕ ಬಾಯಿಗೆ ಬಂದಂತೆ ಬೈದ, ಬೈಯುವ ಹಕ್ಕು ಅವನಿಗಿತ್ತು. ಬೈದು ಮುಗಿಸಿ ಗೊಣಗುತ್ತ ಇಳಿಜಾರಿನಲ್ಲಿ ಹೊರಟುಹೋದ.

ಗಂಡ ಒಳಗೆ ಬಂದು ಕೂತಾಗ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

“ಅಜ್ಜಿ ಸುಮ್ನಿರು ಅಂದ್ರು, ಅದಕ್ಕೇ ಹೇಳ್ಲಿಲ್ಲ. ನಾನು ಹೇಳಿದ್ರೇನೇ ಅಮ್ಮಂಗೆ ಗೊತ್ತಾಗೋದು. ನಾನು ದಿನಾ ಹೇಳ್ತೀನಿ.”

“ಏನು ಹೇಳ್ತಿದ್ದಾಳೆ ಇವಳು?” ಎಂದು ಗಂಡ ಹೆಂಡತಿಯನ್ನು ಕೇಳಿದ.

ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಮಗು ಹೆದರಿಕೊಂಡಿದೆ, ಏನೇನೋ ಬಡಬಡಿಸುತ್ತಿದೆ ಎಂದರೆ ಆಗುತ್ತಿತ್ತು. ಅವನು ನಂಬುತ್ತಿದ್ದ, ಅತ್ತೆಯೂ ನಂಬುತ್ತಿದ್ದರು. ಅವಳು ಕತ್ತು ಪೂರ್ತಿ ತಿರುಗಿಸಿ ಮಗಳನ್ನು ನೋಡಿದಳು. ಹುಡುಗಿ ಅಳು ನಿಲ್ಲಿಸಿ ಅಮ್ಮನ ಬಾಯನ್ನೇ ನೋಡುತ್ತಿದ್ದಳು, ಅಮ್ಮ ತನ್ನನ್ನು ಸುಳ್ಳಿ ಮಾಡುತ್ತಾಳೋ ಏನೋ ಎಂದು. ಎಷ್ಟು ದಿನದಿಂದ ಈ ಕೂಸು ಯಾರಿಗೂ ಹೇಳದೆ ತನ್ನ ಕಣ್ಣಿನ ಕೆಲಸ ಮಾಡುತ್ತಿತ್ತು? ತಾನೋ ಅದನ್ನು ಹರಟೆ ಎಂದುಕೊಂಡಿದ್ದಳು.

“ಅವಳು ಹೇಳಿದ್ದು ನಿಜ ರೀ,” ಎಂದಳು. “ನನಗೆ ಪಕ್ಕದಲ್ಲಿರೋದು ಕಾಣ್ಸೋದಿಲ್ಲ. ಕತ್ತಲಾದ್ರೆ ಏನೂ ಕಾಣ್ಸೋದಿಲ್ಲ. ಇದು ವಾಸಿ ಆಗಲ್ಲ ಅಂತ ಡಾಕ್ಟ್ರು ಅಂದಿದ್ದಾರೆ. ಕಾರು ಮುಟ್ಟಬೇಡ ಅಂತಾನೂ ಅಂದಿದ್ದಾರೆ.”

“ಯಾವಾಗ?”

“ಬೇಸಿಗೆಯಲ್ಲಿ.”

ದರ್ಜಿ ಕೈ ಚಾಚಿ ಕೀಲಿ ಕಿತ್ತುಕೊಂಡ. ಏನು ಮಾಡಬೇಕೆಂದು ತಿಳಿಯದೆ ಅದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದ. ಬೇಸಿಗೆಯಿಂದ ನನ್ನ ಮಗಳನ್ನೂ ನನ್ನ ತಾಯಿಯನ್ನೂ ಇದರಲ್ಲಿ ಕೂರಿಸಿಕೊಂಡು ತಿರುಗಿದ್ದೀಯಲ್ಲ ಎಂದ. ಆ ಮುದುಕ ಸತ್ತಿದ್ದರೆ ಏನು ಮಾಡುತ್ತಿದ್ದೆ ಎಂದ. ಅವನು ಜೋರು ಮಾಡಲಿಲ್ಲ, ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆಮೇಲೆ ಅತ್ತೆ ಕೇಳಿದರು. ಹಿಂದಿನ ಸೀಟಿನ ಕತ್ತಲಿನಿಂದ, ಮೆಲ್ಲಗೆ.

“ನನ್ನ ಕೋಣೆ ಬೇಡ ಅಂದದ್ದು ಇದಕ್ಕಾ?”

“ಹೂಂ.”

“ನಿನಗೆ ಕಣ್ಣು ಕಾಣ್ಸಲ್ಲ ಅಂತ ನನಗೆ ಗೊತ್ತಾಗೋದಕ್ಕಿಂತ, ನಾನೇ ನಿನಗೆ ಬೇಡ ಅಂತ ನಾನು ಅಂದ್ಕೊಳ್ಳೋದು ಮೇಲು ಅನ್ಸಿತಾ?”

ಆ ಮಾತು ಅವಳನ್ನು ತಟ್ಟಿದ ಹಾಗೆ ಗಂಡನ ಮಾತೂ ತಟ್ಟಿರಲಿಲ್ಲ. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತಳು, ತಡೆಯದೆ ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ. ಅತ್ತೆ ಮಾತ್ರ ಕೊನೆಗೆ ಮೂಗೊರೆಸಿಕೊಂಡು, ಆ ಉಗ್ರಾಣದಲ್ಲಿ ನನ್ನ ಮಂಚ ಹಿಡಿಸುವುದಿಲ್ಲ, ಮೊದಲು ಆ ಮಂಚವನ್ನು ಮಾರಿಬಿಡಿ ಎಂದರು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಎಂದರು.

ಕಾರನ್ನು ಅಲ್ಲೇ ಬಿಟ್ಟು, ಬೆಳಿಗ್ಗೆ ಗೊತ್ತಿದ್ದವರನ್ನು ಕರೆತಂದು ಒಯ್ಯುವುದೆಂದಾಯಿತು. ಕಾರಿನ ಮಿನುಗುವ ಅಪಾಯದ ದೀಪ ಹೊತ್ತಿಸಿಡುವುದು ಹೇಗೆಂದು ಗಂಡನಿಗೆ ತಿಳಿಯದೆ ಅವಳೇ ಗುಂಡಿ ಒತ್ತಬೇಕಾಯಿತು. ಅವನು ದಲ್ಲಾಳಿಗೆ ಫೋನು ಮಾಡಿ ಮನೆ ನಮಗೆ ಬೇಡ ಎಂದಷ್ಟೇ ಹೇಳಿದ. ಆ ಕಡೆಯವನು ಕಾರಣ ಕೇಳುತ್ತಿದ್ದ ಹಾಗೆಯೇ ಫೋನು ಇಟ್ಟ. ನಾಲ್ವರೂ ನಡೆದು ಇಳಿಯತೊಡಗಿದರು. ಅತ್ತೆ ಮುಂದೆ, ಅವರ ಹಿಂದೆ ಇವಳು. ಮಗಳು ಓಡಿ ಬಂದು ಅಮ್ಮನ ಎಡಗೈ ಹಿಡಿದುಕೊಂಡಳು.

“ಅಮ್ಮ, ಇಲ್ಲಿ ಕಲ್ಲು.”

“ನೀನು ಬಿಡು,” ಎಂದ ಗಂಡ. ಹೆಂಡತಿಯ ಕೈಯನ್ನು ಮಗಳ ಕೈಯಿಂದ ಬಿಡಿಸಿ ತಾನು ಹಿಡಿದ. ಹಿಡಿತ ಒರಟಾಗಿತ್ತು, ಮುಖ ಬೇರೆ ಕಡೆಗಿತ್ತು. “ಇನ್ಮೇಲೆ ನೀನು ನೋಡೋದು ಬೇಡ. ನಾನು ನೋಡ್ತೀನಿ.”

“ದಿನಾನಾ?”

“ಹೂಂ, ದಿನಾ.”

ಹುಡುಗಿ ನಂಬಲೋ ಬೇಡವೋ ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು. ಗಂಡ ಸಿಡುಕುತ್ತಲೇ, ಎಡಕ್ಕೆ ಚರಂಡಿ, ಕಾಲೆತ್ತಿ ಇಡು ಎಂದ. ಅವಳು ಕಾಲೆತ್ತಿ ಇಟ್ಟಳು. ಮಗಳು ಇನ್ನೆರಡು ಹೆಜ್ಜೆ ಜೊತೆಗೇ ಬಂದಳು, ಆಮೇಲೆ ಅಜ್ಜಿಯನ್ನೂ ದಾಟಿ ಮುಂದೆ ಓಡಿದಳು. ಕೆಳಗೆ ಬಯಲಿನಲ್ಲಿ ದೀಪ ಹೊತ್ತ ರೈಲೊಂದು ಹೋಗುತ್ತಿತ್ತು. ರಸ್ತೆಯ ಕಡೆ ಕಣ್ಣೇ ಹಾಯಿಸದೆ ಅದನ್ನು ನೋಡುತ್ತ ಕುಣಿಯುತ್ತ ಹೋದವಳು ಎಡವಿ ಬಿದ್ದಳು, ಮಂಡಿ ಉಜ್ಜಿಕೊಂಡು ಎದ್ದು ಮತ್ತೆ ಓಡಿದಳು.