ಬಿ ಮ್ವಾನಹಾವಾ ಗೆದ್ದ ಊರುಗಳು

ಅಥೆನ್ಸಿನ ಕಿಪ್ಸೆಲಿ ಬಡಾವಣೆಯಲ್ಲಿ, ಕಡಲಾಚೆಯಿಂದ ಬಂದು ನೆಲೆಸಿದ ಸ್ವಾಹಿಲಿ ಮಂದಿಯ ವರ್ಷದ ಕೂಟ. ಕೂಟದ ಹೊಣೆ ಹೊತ್ತ ಜುಲ್ಫಾ ಹಾಕಿದ ಕಾರ್ಯಕ್ರಮದ ಪಟ್ಟಿಯಲ್ಲಿ ಡೋಲಿತ್ತು, ಕುಣಿತವಿತ್ತು, ಕೊನೆಗೆ ಪಿಲಾವ್ ಊಟವಿತ್ತು. ಒಗಟಿಗೆ ಜಾಗವಿರಲಿಲ್ಲ. ಎಲ್ಲರೂ ಗೌರವದಿಂದ ‘ಬಿ’ ಸೇರಿಸಿ ಕರೆಯುವ ಮುದುಕಿ ಮ್ವಾನಹಾವಾ ತಾನಾಗಿಯೇ ಬಂದು ಕೇಳಿದಾಗ ಜುಲ್ಫಾ ಗ್ರೀಕಿನಲ್ಲೇ ನುಣುಚಿಕೊಳ್ಳಲು ನೋಡಿದಳು.

"ಈಗಿನ ಮಕ್ಕಳಿಗೆ ಒಗಟೆಲ್ಲ ಹಿಡಿಸಲ್ಲ ದೊಡ್ಡಮ್ಮ."

"ನಿನಗೂ ಹಿಡಿಸ್ತಿರಲಿಲ್ಲ. ನಿಮ್ಮಮ್ಮ ಸ್ವಾಹಿಲಿಯಲ್ಲಿ ಕೂಗಿದ್ರೆ ಗ್ರೀಕಲ್ಲಿ ಓಗೊಡ್ತಿದ್ದೆ. ಸ್ವಲ್ಪ ಹೊತ್ತು ಕೊಡು, ಸಾಕು."

ನಿಜವಾದ ಮಾತು, ಹಾಗಾಗಿ ಚುಚ್ಚಿತು. ಜುಲ್ಫಾಳ ಅಪ್ಪ ಹಡಗಿನ ಕೆಲಸ ಬಿಟ್ಟು ಪಿರೇಯಸ್ ಬಂದರಿನಲ್ಲಿ ಇಳಿದವನು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಆಗಲಿ ಎಂದು ಒಪ್ಪಿದಳು.

ಭಾನುವಾರ ನೆಲಮಾಳಿಗೆಯ ಸಭಾಂಗಣದ ನಡುವೆ ಚಾಪೆ ಹಾಸಿ ಮುದುಕಿ ಕುಳಿತಳು. ಸುತ್ತ ಹದಿನೈದು ಮಕ್ಕಳು. ಅವರಿಗೆ ಸ್ವಾಹಿಲಿ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ಗ್ರೀಕಿನ ಕಡೆಗೇ ಜಾರುತ್ತಿತ್ತು.

"ಒಗಟು ಬಂತು" ಎಂದಳು ಮುದುಕಿ.

"ಬರಲಿ" ಎಂದು ಹಿಂದಿನ ಸಾಲಿನ ಹೆಂಗಸರು ಹೇಳಿಕೊಟ್ಟರು.

"ಹಲ್ಲಿರೋ ಕುದುರೆ ಏರಿ ಕೂತೆ. ಕುದುರೆ ಒಂದು ಹೆಜ್ಜೆ ಇಡಲಿಲ್ಲ, ಮುಂದೆ ಮಾತ್ರ ಹಿಮ ಬಿತ್ತು."

ಯಾರಿಗೂ ಹೊಳೆಯಲಿಲ್ಲ.

"ಸೋತವರು ಊರು ಕೊಡಬೇಕು, ಗೆದ್ದವರು ಆ ಊರಿಗೆ ಹೋಗಿಬಂದ ಕಥೆ ಹೇಳಬೇಕು, ಅದು ಕಟ್ಟಳೆ. ಕೊಡಿ."

"ಅಥೆನ್ಸ್ ತಗೋ ಅಜ್ಜಿ" ಎಂದಳೊಬ್ಬ ಕನ್ನಡಕದ ಹುಡುಗಿ, ತಮಾಷೆಗೆ.

ಮುದುಕಿ ತಮಾಷೆ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಅಥೆನ್ಸಿಗೆ ಹೋದೆ. ಕೈಗೆ ಪೊರಕೆ ಕೊಟ್ಟರು. ಇಪ್ಪತ್ತೆಂಟು ವರ್ಷ ಕಟ್ಟಡಗಳ ಮೆಟ್ಟಿಲು ಗುಡಿಸಿದೆ, ಒರೆಸಿದೆ. ಈಗ ಊರು ನಂದು. ಮೂರನೇ ಮಹಡಿ ಲಾಯರಮ್ಮ ನಾಳೆಯಿಂದ ಬಕೀಟು ಹಿಡೀತಾಳೆ. ನಾನು ಚಪ್ಪಲಿ ಹಾಕ್ಕೊಂಡು ಒದ್ದೆ ನೆಲದ ಮೇಲೇ ನಡೀತೀನಿ, ಅವಳ ಹಾಗೇ. ಕುದುರೆ ಅಂದ್ರೆ ಕಾಯಿ ತುರಿಯೋ ಮಣೆ ಕಣ್ರೋ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಮಕ್ಕಳ ಕೈಯಲ್ಲಿದ್ದ ಫೋನುಗಳು ಜೇಬು ಸೇರಿದವು. ಮುಂದಿನ ಒಗಟಿಗೆ ಪಿರೇಯಸ್ ಹೋಯಿತು, ಆಮೇಲೆ ಪಾತ್ರಾಸ್, ಆಮೇಲೆ ಇಡೀ ಕ್ರೀಟ್ ದ್ವೀಪ. ಪಿರೇಯಸ್ಸಿನಲ್ಲಿ ಮುದುಕಿ ಹಡಗಿನಿಂದ ಇಳಿದವರ ಕಾಗದಪತ್ರ ನೋಡುವ ಮೊದಲು ಚಹಾ ಕೊಡಬೇಕೆಂದು ಅಪ್ಪಣೆ ಹೊರಡಿಸಿದಳು. ಜುಲ್ಫಾ ಗೋಡೆಗೊರಗಿ ನೋಡುತ್ತಲೇ ನಿಂತಳು. ಬೆನ್ನು ಬಗ್ಗಿಸಿ ಬಕೀಟು ಎತ್ತುವ ಮ್ವಾನಹಾವಾಳನ್ನು ಅವಳು ಸಾವಿರ ಸಲ ನೋಡಿದ್ದಳು. ಕಪ್ಪ ಒಪ್ಪಿಸಿಕೊಳ್ಳುವ ರಾಣಿಯಂತಿದ್ದ ಇವಳನ್ನು ನೋಡಿರಲಿಲ್ಲ.

ಎಂಟು ವರ್ಷದ ಸುಬಿರಾ ತನ್ನ ಸರದಿಯಲ್ಲಿ ಸೋತಾಗ ಮಕ್ಕಳಿಗೆ ಗೊತ್ತಿದ್ದ ಹೆಸರುಗಳಲ್ಲಿ ಉಳಿದದ್ದು ಕಿಪ್ಸೆಲಿ ಒಂದೇ.

"ಅದು ಕೊಡಲ್ಲ. ನಮ್ಮನೆ ಇರೋದೇ ಇಲ್ಲಿ."

"ಹಾಗಾದ್ರೆ ನೀನೇ ಒಗಟು ಹಾಕು. ನಾನು ಸೋತರೆ ಕಿಪ್ಸೆಲಿ ನಿಂದೇ."

ಹುಡುಗಿ ತಡವರಿಸುತ್ತ ಸ್ವಾಹಿಲಿಯಲ್ಲೇ ಹೇಳಿದಳು: "ಅದಕ್ಕೆ ಕಾಲಿಲ್ಲ. ಆದ್ರೂ ಅಮ್ಮನ ಜೊತೆ ಕೆಲಸದಿಂದ ಮನೆಗೆ ಬರುತ್ತೆ. ಸೋಪು ಹಾಕಿ ತೊಳೆದರೂ ಅಮ್ಮನ ಕೈ ಬಿಡಲ್ಲ."

ನಗುತ್ತಿದ್ದ ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು. ನೆಲ ತೊಳೆಯುವ ಬ್ಲೀಚಿನ ವಾಸನೆ ಅದು. ಆ ಸಭೆಯಲ್ಲಿ ಅದನ್ನು ಅರಿಯದ ಹೆಂಗಸಿರಲಿಲ್ಲ. ಮ್ವಾನಹಾವಾ ಎರಡೂ ಅಂಗೈಗಳನ್ನು ಮಡಿಲಲ್ಲಿ ಮಗುಚಿಟ್ಟುಕೊಂಡಳು.

"ಗೊತ್ತಾಗಲಿಲ್ಲ ಮಗಳೇ. ಕಿಪ್ಸೆಲಿ ಇಟ್ಕೋ. ಮೇಲೆ ಕಡಲಾಚೆಯ ತಾಂಗಾ ಊರನ್ನೂ ತಗೋ. ನಾನು ಹುಟ್ಟಿದ ಊರದು, ಇಲ್ಲಿವರೆಗೆ ಯಾರಿಗೂ ಕೊಟ್ಟಿಲ್ಲ."

ಸುಬಿರಾ ಕಟ್ಟಳೆಯಂತೆ ಎದ್ದು ನಿಂತಳು. "ತಾಂಗಾಗೆ ಹೋದೆ. ಅಲ್ಲಿ ನನ್ನನ್ನ ಯಾವ ಊರಿನವಳು ಅಂತ ಯಾರೂ ಕೇಳಲಿಲ್ಲ."

"ಕೇಳೇ ಕೇಳ್ತಾರೆ, ನಿನ್ನ ಸ್ವಾಹಿಲಿ ಕಿವಿಗೆ ಬಿದ್ರೆ. ಪ್ರತಿ ಶನಿವಾರ ನಮ್ಮನೆಗೆ ಬಾ, ತಿದ್ದೋಣ."

ಮತ್ತೆ ನಗು ಎದ್ದಿತು. ಸುಬಿರಾಳ ತಾಯಿ ಕಣ್ಣೊರೆಸಿಕೊಂಡು ನಕ್ಕಳು. ಡೋಲಿನವರು ತಮ್ಮ ಸರದಿ ಯಾವಾಗೆಂದು ಸನ್ನೆ ಮಾಡಿದರು. ತಾಳಿ ಎಂದು ಕೈಸನ್ನೆಯಲ್ಲೇ ಹೇಳಿ ಜುಲ್ಫಾ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತಳು. ಕುಳಿತದ್ದೇ ತಪ್ಪಾಯಿತು, ಮುಂದಿನ ಒಗಟು ಅವಳಿಗೇ ಬಂತು. ಅವಳಿಗೂ ಉತ್ತರ ಹೊಳೆಯಲಿಲ್ಲ.

"ಕೊಡೋಕೆ ಊರೇ ಉಳಿದಿಲ್ಲವಲ್ಲ ದೊಡ್ಡಮ್ಮ" ಎಂದಳು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಸ್ವಾಹಿಲಿಯಲ್ಲಿ.

"ಪಕ್ಕದಲ್ಲಿ ಇಟಲಿ ಇದೆಯಲ್ಲ" ಎಂದಳು ಮ್ವಾನಹಾವಾ.