ಲಾಟೀನು ಹಿಡಿದವನ ಮಾತು

ನಮ್ಮ ಕಡೆಯ ನಾಟಕಗಳಲ್ಲಿ ಪ್ರಾಂಪ್ಟರ್ ಇಲ್ಲದೆ ಪರದೆ ಏಳುವುದಿಲ್ಲ. ಏಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೈಡ್ ಪರದೆಯ ಮರೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಎಲ್ಲವನ್ನೂ ಮುಂಚಿತವಾಗಿ ಓದುತ್ತಾ ಹೋಗಬೇಕು. ನಟರು ಅದನ್ನು ಕಿವಿಯಲ್ಲಿ ಹಿಡಿದು ಬಾಯಲ್ಲಿ ಬಿಡುತ್ತಾರೆ. ವಾರವಿಡೀ ಆಫೀಸಿನಲ್ಲಿ ಬೆನ್ನು ಬಗ್ಗಿಸಿದವರಿಗೆ ಬಾಯಿಪಾಠ ಮಾಡಲು ಪುರುಸೊತ್ತೆಲ್ಲಿ? ನನ್ನ ಗಂಡ ಸಿರಿಲ್ ಮಸ್ಕತ್ತಿನ ರುವಿ ಪೇಟೆಯಲ್ಲಿ ಕಾರಿನ ಬಿಡಿಭಾಗ ಮಾರುವ ಒಂದು ಕಂಪನಿಯ ಗುಮಾಸ್ತ. ಅಲ್ಲಿನ ನಮ್ಮ ಕೊಂಕಣಿ ನಾಟಕಗಳಿಗೆಲ್ಲ ಅವನೇ ಹೀರೋ. ಡೈಲಾಗ್ ಮಾತ್ರ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಅವನು ರಂಗದ ಮೇಲೆ ಅತ್ತದ್ದೆಲ್ಲ ನಾನು ಓದಿಕೊಟ್ಟ ಅಳು. ಚಪ್ಪಾಳೆ ಅವನಿಗೆ, ಗಂಟಲು ನೋವು ನನಗೆ.

ನಾನು ಹಿಲ್ಡಾ, ಕರಾವಳಿಯ ಶಿರ್ವದವಳು. ಆಗ ಮಸ್ಕತ್ತಿನ ಒಂದು ದೊಡ್ಡ ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಪ್ರತಿ ಚಳಿಗಾಲದಲ್ಲಿ ಅಲ್ಲಿಗೆ ಲಂಡನ್ನಿನಿಂದ ಒಂದು ನಾಟಕ ಕಂಪನಿ ಬರುತ್ತಿತ್ತು. ಬಾಲ್‌ರೂಮಿನ ಒಂದು ತುದಿಯಲ್ಲಿ ರಂಗ ಕಟ್ಟುತ್ತಿದ್ದರು. ಶ್ರೀಮಂತರ ಬಡಾವಣೆಯಾದ ಮದೀನತ್ ಸುಲ್ತಾನ್ ಖಾಬೂಸ್‌ನ ಇಂಗ್ಲಿಷ್ ಸಂಸಾರಗಳು, ಬ್ಯಾಂಕಿನವರು, ಎಣ್ಣೆ ಕಂಪನಿಯವರು ಟೈ ಕಟ್ಟಿಕೊಂಡು ಬಂದು, ಊಟ ಮುಗಿಸಿ, ಕ್ಯಾರಮೆಲ್ ಕಸ್ಟರ್ಡ್ ತಿನ್ನುತ್ತಾ ನಾಟಕ ನೋಡುತ್ತಿದ್ದರು. ತಿನ್ನುತ್ತಾ ನೋಡುವುದೂ ಒಂದು ನೋಡುವುದೇ ಎಂದು ನಾನು ಸಿರಿಲ್‌ನಿಗೆ ಹೇಳಿ ನಗುತ್ತಿದ್ದೆ.

ಎಡ್ವಿನ್ ಹ್ಯಾಸ್ಲಮ್ ಎಂಬ ಮುದಿ ನಟ ಮೊದಲ ಸಲ ಬಂದದ್ದು ಸಾವಿರದ ಒಂಬೈನೂರ ಎಂಬತ್ತೈದರಲ್ಲಿ. ಬಾಗಿಲಲ್ಲಿ ಮೂಗು ಮೊದಲು ಬಂದು ಮನುಷ್ಯ ಆಮೇಲೆ ಬರುವಂಥ ಮುಖ. ದಿನಾ ಸಂಜೆ ನನ್ನ ಟೆಲಿಫೋನ್ ಬೋರ್ಡ್ ರೂಮಿಗೇ ಬಂದು, ಊರಿನಲ್ಲಿರುವ ತಂಗಿಗೆ ಟ್ರಂಕ್ ಕಾಲ್ ಕೇಳುತ್ತಿದ್ದರು. ರೂಮಿನಿಂದಲೇ ಕೇಳಬಹುದಿತ್ತು. ಆದರೆ ಲೈನ್ ಸಿಗುವವರೆಗೆ ಮಾತಾಡಲು ಅವರಿಗೊಂದು ಮನುಷ್ಯಪ್ರಾಣಿ ಬೇಕಿತ್ತು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಹತ್ತಿ ಗಿರಣಿಗಳ ಊರಿನವರು ಅವರು. ತಾಯಿ ಗಿರಣಿಯಲ್ಲಿ ದುಡಿಯುತ್ತಿದ್ದರಂತೆ, ನಮ್ಮವರು ಹಂಚಿನ ಕಾರ್ಖಾನೆಯಲ್ಲಿ ದುಡಿದ ಹಾಗೆ. ಹದಿನಾರಕ್ಕೆ ನಾಟಕ ಕಂಪನಿ ಸೇರಿದರು. ಆಮೇಲೆ ಯುದ್ಧ, ಅಲ್ಲೂ ಸೈನಿಕರಿಗೆ ನಾಟಕ ಆಡಿ ತೋರಿಸಿದರು. ಯುದ್ಧ ಮುಗಿದ ಮೇಲೆ ವಾರಕ್ಕೊಂದು ಹೊಸ ನಾಟಕ ಆಡುವ ಕಂಪನಿಗಳಲ್ಲಿ ವರ್ಷಗಟ್ಟಲೆ ಕಳೆದರು. ಸಂಜೆ ಒಂದು ನಾಟಕ ಆಡುವುದು, ಹಗಲು ಮುಂದಿನ ವಾರದ್ದನ್ನು ಬಾಯಿಪಾಠ ಮಾಡುವುದು.

"ಎಲ್ಲವನ್ನೂ? ಪ್ರಾಂಪ್ಟರ್ ಇಲ್ಲದೆ?" ನಾನು ಬಾಯಿಬಿಟ್ಟು ಕೇಳಿದ್ದೆ.

"ಎಲ್ಲವನ್ನೂ, ಮಿಸೆಸ್ ಹಿಲ್ಡಾ. ತಲೆಯೇ ನನ್ನ ಪೆಟ್ಟಿಗೆ."

ನಮ್ಮ ಸಿರಿಲ್ ಈ ಮನುಷ್ಯನ ಕಾಲು ತೊಳೆದ ನೀರು ಕುಡಿಯಬೇಕು ಎಂದುಕೊಂಡೆ.

ಸಿನೆಮಾದಲ್ಲೂ ಇದ್ದರು. ಬಟ್ಲರ್, ಜಡ್ಜ್, ಹಡಗಿನ ಕಪ್ತಾನ, ಡಾಕ್ಟರ್. ಇಂಟರ್ವಲ್ ಒಳಗೆ ಸಾಯುವ ಪಾತ್ರಗಳೇ ಹೆಚ್ಚು. ಸಿರಿಲ್ ರುವಿಯ ವಿಡಿಯೋ ಅಂಗಡಿಯಿಂದ ಹಳೆಯ ಇಂಗ್ಲಿಷ್ ಕ್ಯಾಸೆಟ್ ತಂದಾಗಲೆಲ್ಲ ನಮಗೆ ಅದೇ ಕೆಲಸ. ಕಥೆ ಯಾರಿಗೆ ಬೇಕು? "ಅಗೋ! ಅಗೋ ಬಂದರು!" ಎಂದು ನಾನು ಕೂಗುವುದು, ಸಿರಿಲ್ ಹಿಂದೆ ತಿರುಗಿಸಿ ಮತ್ತೆ ಹಾಕುವುದು. ಒಂದರಲ್ಲಿ ಅವರು ಬರೀ ಬಾಗಿಲು ತೆರೆದು ಒಬ್ಬ ವಿಧವೆಯ ಕೋಟು ಇಸಿದುಕೊಳ್ಳುತ್ತಾರೆ, ಅಷ್ಟೆ. ಆದರೆ ಆ ಕೋಟನ್ನು ಹಿಡಿದ ರೀತಿಯಲ್ಲೇ ಆ ಹೆಂಗಸಿನ ಗಂಡ ಸತ್ತದ್ದು ನಮಗೆ ಗೊತ್ತಾಯಿತು. ಹೀರೋ ಅದನ್ನೇ ಹೇಳಲು ಆಮೇಲೆ ಅರ್ಧ ಗಂಟೆ ಬಡಬಡಿಸಿದ.

ಒಮ್ಮೆ ನಾನು ಬಾಯಿ ತಡೆಯದೆ ಕೇಳಿಬಿಟ್ಟೆ. "ಸರ್, ಇಷ್ಟು ಮಾಡಿದ್ದೀರಿ, ಒಂದು ಸಲವೂ ದೊಡ್ಡ ಪಾತ್ರ ಯಾಕೆ ಸಿಗಲಿಲ್ಲ?"

ಅವರಿಗೆ ಬೇಜಾರಾಗಲಿಲ್ಲ. "ಎಲ್ಲರೂ ದೋಣಿ ಹತ್ತಿದರೆ ತಳ್ಳುವವರು ಯಾರು?" ಎಂದರು. ಆಮೇಲೆ ತಮ್ಮ ಮೊದಲ ನಾಟಕದ ಕಥೆ ಹೇಳಿದರು. ಅದರಲ್ಲಿ ಅವರಿಗೆ ಮಾತೇ ಇರಲಿಲ್ಲ. ಮಕ್ಕಳನ್ನು ಕಡಲಿಗೆ ಕಳಿಸುವ ಮುದಿ ಅಂಬಿಗನ ಪಕ್ಕದಲ್ಲಿ ಲಾಟೀನು ಹಿಡಿದು ನಿಲ್ಲುವುದಷ್ಟೇ ಕೆಲಸ. ಅಂಬಿಗನಿಗೆ ಕೊನೆಯಲ್ಲಿ ಒಂದು ದೊಡ್ಡ ಮಾತಿತ್ತು. ಇಡೀ ಚಳಿಗಾಲ, ಪ್ರತಿ ಸಂಜೆ, ಲಾಟೀನು ಹಿಡಿದುಕೊಂಡು ಅದನ್ನು ಕೇಳಿದರು. ಆ ಪಾತ್ರ ಮಾಡಬೇಕೆಂದೇ ನಟನಾಗಿ ಉಳಿದರಂತೆ. ಆದರೆ ಆ ನಾಟಕವನ್ನು ಮತ್ತೆ ಯಾರೂ ಆಡಲೇ ಇಲ್ಲ.

"ಆ ಮಾತು ನೆನಪುಂಟಾ ಸರ್? ಹೇಳಿ, ಕೇಳುತ್ತೇನೆ."

"ನೆನಪಿದೆ. ಹೇಳುವುದಿಲ್ಲ. ಅದು ಬೇರೆಯವರ ಪಾತ್ರ, ಮಿಸೆಸ್ ಹಿಲ್ಡಾ. ಕೊಡದ ಪಾತ್ರದ ಮಾತನ್ನು ಆಡಬಾರದು."

ಪ್ರತಿ ವರ್ಷ ಬಂದಾಗಲೂ ಕೇಳಿದೆ. ಪ್ರತಿ ವರ್ಷವೂ ಅದೇ ಉತ್ತರ. ಹಟಮಾರಿ ಮುದುಕ.

ತೊಂಬತ್ತೆರಡರಲ್ಲಿ ಕಂಪನಿ ಬಂದಾಗ ಅವರು ತಂಗಿಯ ನಂಬರನ್ನು ಒಂದು ಚೀಟಿ ನೋಡಿ ಹೇಳಿದರು. ಅಷ್ಟು ವರ್ಷ ಬಾಯಲ್ಲೇ ಇದ್ದ ನಂಬರು. ವಯಸ್ಸಾಯಿತಲ್ಲ ಎಂದುಕೊಂಡು ಲೈನ್ ಹಾಕಿದೆ.

ಮರುದಿನ ಮಧ್ಯಾಹ್ನ ಬಾಲ್‌ರೂಮಿನಲ್ಲಿ ಬಡಿಸುವವರ ಮುಖ್ಯಸ್ಥ, ಬ್ಯಾಂಕ್ವೆಟ್ ಕ್ಯಾಪ್ಟನ್ ಕೊಗ್ಗ ಏದುಸಿರು ಬಿಡುತ್ತಾ ಬಂದ.

"ಹಿಲ್ಡಾ ಬಾಯಿ, ಬೇಗ ಬನ್ನಿ ಮಾರಾಯ್ರೆ! ನಾಟಕದವರ ಪುಸ್ತಕ ಹಿಡಿಯುವ ಹುಡುಗಿಗೆ ಬಿಸಿಲು ಬಡಿದು ವಾಂತಿಯಂತೆ, ವಾರ ಪೂರ್ತಿ ಏಳಬಾರದಂತೆ. ನಾನು ಹೇಳಿ ಆಯ್ತು, ನಮ್ಮಲ್ಲಿ ಒಬ್ರು ಭಯಂಕರ ಎಕ್ಸ್‌ಪರ್ಟ್ ಇದ್ದಾರೆ ಅಂತ."

"ನಿನ್ನ ಬಾಯಿಗೆ ಬೀಗ ಇಲ್ವಾ ಕೊಗ್ಗ?" ಎಂದು ಬೈದೆ. ಆದರೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಡ್ಯೂಟಿ ಬದಲಿಸಿಕೊಂಡು ಬಾಲ್‌ರೂಮಿಗೆ ಹೋದೆ.

ರಿಹರ್ಸಲ್ ಶುರುವಾಯಿತು. ನಾನು ಪುಸ್ತಕ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಊರಿನ ಕ್ರಮದಂತೆ ಮೊದಲ ಸಾಲು ಓದಿದೆ. ನಾಯಕಿ ಬೆಚ್ಚಿ ತಿರುಗಿದಳು. ಎರಡನೆಯದೂ ಓದಿದೆ. ಮೂರನೆಯದಕ್ಕೆ ನಾಟಕವೇ ನಿಂತಿತು. ಡೈರೆಕ್ಟರ್ ಗೈಲ್ಸ್, ನನ್ನ ತಮ್ಮನ ವಯಸ್ಸಿನವನು, ತಲೆ ಹಿಡಿದುಕೊಂಡು ಬಂದ.

"ಏನಿದು, ರೇಡಿಯೋ ವಾರ್ತೆಯೇ? ನಟ ಮರೆತಾಗ ಮಾತ್ರ ಹೇಳಬೇಕು!"

"ಮರೆತ ಮೇಲೆ ಹೇಳಿ ಏನು ಪ್ರಯೋಜನ? ಬಿದ್ದ ಮೇಲೆ ಏಣಿ ಹಿಡಿದ ಹಾಗೆ," ಎಂದೆ ನಾನು.

ಎಲ್ಲರೂ ನಕ್ಕರು. ನನ್ನ ಮುಖ ಕೆಂಡವಾಯಿತು. ನಿಮ್ಮ ಪುಸ್ತಕವೂ ಬೇಡ, ನೀವೂ ಬೇಡ, ಖಲಾಸ್ ಎಂದು ಎದ್ದೇಬಿಟ್ಟಿದ್ದೆ. ಆಗ ಹ್ಯಾಸ್ಲಮ್ ಮೆಲ್ಲಗೆ ಹೇಳಿದರು:

"ಆಕೆ ಇರಲಿ, ಗೈಲ್ಸ್. ನನಗೆ ಈಗೀಗ ಕಿವಿ ಮಂದ, ಬೇರೆಯವರ ಮಾತು ಕೇಳದೆ ತಡವಾಗುತ್ತದೆ. ನನ್ನ ಸಾಲುಗಳನ್ನಷ್ಟೇ ಸಣ್ಣ ದನಿಯಲ್ಲಿ ಓದಲಿ."

ಕಿವಿ ಮಂದವಂತೆ! ಕಾರಿಡಾರಿನ ಆ ತುದಿಯಲ್ಲಿ ಕೊಗ್ಗ ಗುನುಗುವುದು ಕೇಳುವ ಮನುಷ್ಯ. ನಾನು ಅವರ ಮುಖ ನೋಡಿದೆ. ಅದರಲ್ಲಿದ್ದದ್ದು ಹೆದರಿಕೆ.

ರಿಹರ್ಸಲ್ ಮುಗಿದ ಮೇಲೆ ಬೋರ್ಡ್ ರೂಮಿಗೆ ಬಂದು ಅವರೇ ಹೇಳಿದರು. ಪೆಟ್ಟಿಗೆಗೆ ತೂತು ಬಿದ್ದಿತ್ತು. ಹೊಸದಾಗಿ ಕಲಿತದ್ದು ನಿಲ್ಲುತ್ತಿರಲಿಲ್ಲ. ಹಿಂದಿನ ಊರು ಬಹರೈನಿನಲ್ಲಿ ಎರಡು ಸಲ ರಂಗದ ಮೇಲೆ ಮಾತು ಮರೆತು ನಿಂತಿದ್ದರು. ಇನ್ನೊಮ್ಮೆ ಹಾಗಾದರೆ ಮಸ್ಕತ್ತಿನಿಂದಲೇ ಲಂಡನ್ನಿನ ವಿಮಾನ ಎಂದು ಗೈಲ್ಸ್ ಎಚ್ಚರಿಸಿದ್ದ. ಮುಂದಿನ ಊರಿಗೆ ಬೇರೆ ನಟ ತಯಾರಾಗಿದ್ದ. ನಮಗೆಲ್ಲ ವೀಸಾ ಕೊಟ್ಟ ಅರಬ ಯಜಮಾನ, ಕಫೀಲ್, ಇದ್ದ ಹಾಗೆ ಅವರಿಗೆ ಗೈಲ್ಸ್. ಅವನು ಬೇಡವೆಂದರೆ ಮುಗಿಯಿತು.

"ಒಮ್ಮೆ ಈ ಸುದ್ದಿ ಹಬ್ಬಿದರೆ ಮತ್ತೆ ಯಾರೂ ಕರೆಯುವುದಿಲ್ಲ. ನನಗೆ ಬೇರೆ ಕೆಲಸ ಗೊತ್ತಿಲ್ಲ, ಮಿಸೆಸ್ ಹಿಲ್ಡಾ. ಬೇರೆ ಮನೆಯೂ ಇಲ್ಲ."

ನನ್ನ ಕಣ್ಣು ತುಂಬಿತು. "ಸರ್, ನನ್ನ ಗಂಡನನ್ನೇ ಹೀರೋ ಮಾಡಿದವಳು ನಾನು. ನಿಮ್ಮನ್ನು ಬೀಳಲು ಬಿಡುತ್ತೇನಾ?" ಎಂದೆ.

ನಾಟಕ ಒಂದು ತಮಾಷೆಯದು. ಅವರದು ಮದುಮಗಳ ತಂದೆ, ನಿವೃತ್ತ ಮೇಜರ್. ನಾನು ಕೂರುತ್ತಿದ್ದದ್ದು ರಂಗದ ಕಿಟಕಿಯ ಹಿಂದೆ. ಮೊದಲ ಪ್ರದರ್ಶನದಲ್ಲೇ ಮೇಜರಿಗೆ ಹೊಸ ಚಾಳಿ ಶುರುವಾಯಿತು: ಮಾತಾಡುವ ಮುಂಚೆ ಕಿಟಕಿಗೆ ಬಂದು ತೋಟ ನೋಡುವುದು. ನಾನು ಓದುತ್ತಿದ್ದೆ, ಅವರು ಪೈಪ್ ಕುಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದರು, ಆಮೇಲೆ ತಿರುಗಿ ಆಡುತ್ತಿದ್ದರು. ನಾನು ಕೊಟ್ಟದ್ದು ಬರೀ ಶಬ್ದ. ಅದು ಅವರ ಬಾಯಲ್ಲಿ ಒಬ್ಬ ತಂದೆಯಾಗಿ ಹೊರಬರುತ್ತಿತ್ತು. ಮಗಳು ಹೋಗುತ್ತಾಳೆಂಬ ಸಂಕಟಕ್ಕೇ ಈ ಮುದುಕ ಕಿಟಕಿ ಬಿಡುತ್ತಿಲ್ಲ ಎಂದು ಜನ ತಿಳಿದರು. ಕಸ್ಟರ್ಡಿನ ಚಮಚಗಳು ನಿಂತವು. ಇಷ್ಟು ವರ್ಷ ಸಿರಿಲ್‌ನಿಗೆ ಓದಿದವಳು ನಾನು. ನಟನೆ ಎಂದರೆ ಏನೆಂದು ಆ ಕಿಟಕಿಯ ಹಿಂದೆ ಕೂತು ಕಲಿತೆ.

ಕೊನೆಯ ಪ್ರದರ್ಶನ ಗುರುವಾರ. ಗೈಲ್ಸ್‌ನಿಗೆ ಅನುಮಾನ ಬಂದಿತ್ತು. ಕೂಸು ಏನಲ್ಲ ಅವನು. ಪರದೆ ಏಳುವ ಮುಂಚೆ ನನ್ನ ಕುರ್ಚಿಯನ್ನು ಆಚೆ ಬದಿಗೆ ಎಳೆಸಿ, ನನ್ನ ಬೆನ್ನ ಹಿಂದೆಯೇ ನಿಂತ.

"ಇವತ್ತು ಓದುವುದಿಲ್ಲ. ಅವರು ಪೂರ್ತಿ ನಿಂತರೆ ಮಾತ್ರ ಒಂದು ಪದ. ಒಂದೇ ಒಂದು," ಎಂದ.

ಅಯ್ಯೋ ದೇವಾ, ಆ ಸಂಜೆ! ನಾನು ಮಡಿಲಲ್ಲೇ ಜಪಸರ ಎಣಿಸಿದೆ. ಮೊದಲ ಅಂಕವನ್ನು ಅವರು ಪೈಪಿನಲ್ಲಿ, ಕೆಮ್ಮಿನಲ್ಲಿ, ಮಗಳ ಜಡೆ ನೇವರಿಸುವುದರಲ್ಲಿ ದಾಟಿಸಿದರು. ಎರಡು ಪದ ಸಿಕ್ಕರೆ ಉಳಿದ ಹತ್ತನ್ನು ಹುಬ್ಬಿನಲ್ಲಿ ಹೇಳಿದರು. ಎರಡನೆಯದೂ ದಾಟಿತು. ಉಳಿದದ್ದು ಕೊನೆಯ ದೃಶ್ಯ, ಮಗಳು ಅಳಿಯ ಹೊರಡುವ ಮುಂಚೆ ಗ್ಲಾಸ್ ಎತ್ತಿ ತಂದೆ ಆಡುವ ಹಾರೈಕೆಯ ಮಾತು. ಅದಕ್ಕೆ ಪೈಪೂ ಇಲ್ಲ, ಕಿಟಕಿಯೂ ಇಲ್ಲ.

ಗ್ಲಾಸ್ ಎತ್ತಿದರು. ಬಾಯಿ ತೆರೆದರು. ಏನೂ ಬರಲಿಲ್ಲ.

ನಾನು ಮೊದಲ ಪದ ಹೇಳಿದೆ. ಅವರು ಕದಲಲಿಲ್ಲ. ಗೈಲ್ಸ್ ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಇಡೀ ಸಾಲನ್ನೇ ಓದಿದೆ. ಅವರು ನನ್ನ ಕಡೆ ತಿರುಗಿದರು. ಕೇಳಿಸಿತ್ತು, ನನಗೆ ಖಂಡಿತ ಗೊತ್ತು. ಆದರೆ ಮೆಲ್ಲಗೆ ತಲೆಯಾಡಿಸಿದರು, ಸಾಕು ಎಂಬಂತೆ. ಗ್ಲಾಸನ್ನು ಕೆಳಗಿಟ್ಟು, ಮೇಜಿನ ಮೇಲಿದ್ದ ದೀಪವನ್ನು ಎತ್ತಿಕೊಂಡರು.

"ಹೋಗಿ ಮಕ್ಕಳೇ," ಎಂದರು. ಅದು ಮೇಜರನ ದನಿಯಲ್ಲ. "ದಡದಲ್ಲಿ ಒಬ್ಬ ಮುದುಕ ನಿಂತಿದ್ದಾನೆ ಎಂಬುದಷ್ಟು ನೆನಪಿರಲಿ. ದೀಪ ಕಾಣುವಷ್ಟು ದೂರ ತಿರುಗಿ ತಿರುಗಿ ನೋಡಿ. ಕಾಣದಾದ ಮೇಲೆ ನೋಡಬೇಡಿ. ಆರಿತೆಂದು ಅಳಬೇಡಿ. ದೀಪ ಆರಿಲ್ಲ, ನೀವು ದೂರ ಹೋಗಿದ್ದೀರಿ, ಅಷ್ಟೆ."

ಗೈಲ್ಸ್ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಹಾಳೆ ತಿರುವತೊಡಗಿದ. "ಎಲ್ಲಿದೆ ಇದು? ಯಾವ ಪುಟ?" ಇದು ಆ ಮುದಿ ಅಂಬಿಗನ ಮಾತು. ಆ ದೀಪ ಎತ್ತಿದಾಗಲೇ ನನಗೆ ಗೊತ್ತಾಗಿತ್ತು.

ಮಾತು ಮುಂದುವರಿಯಿತು. ಕಡಲಿನ ಬಗ್ಗೆ, ಹೊರಟವರ ಉಪ್ಪಿನ ಬಗ್ಗೆ, ಉಳಿದವರ ಒಲೆಯ ಬಗ್ಗೆ. ಎಲ್ಲೂ ತಡವರಿಸಲಿಲ್ಲ, ಒಂದು ಉಸಿರೂ ಹೆಚ್ಚುಕಮ್ಮಿಯಾಗಲಿಲ್ಲ. ಬಾಲ್‌ರೂಮಿನಲ್ಲಿದ್ದವರೆಲ್ಲ ಒಂದಲ್ಲ ಒಂದು ದಡ ಬಿಟ್ಟು ಬಂದವರೇ, ಟೈ ಕಟ್ಟಿದವರೂ ಟ್ರೇ ಹಿಡಿದವರೂ. ಕೊಗ್ಗ ಬಾಗಿಲ ಬಳಿ ಟ್ರೇ ಇಟ್ಟು ಅಳುತ್ತಿದ್ದ. ನನಗೆ ಶಿರ್ವದ ಬಸ್ ಸ್ಟಾಪಿನಲ್ಲಿ ಕೈ ಬೀಸುತ್ತಿದ್ದ ಅಪ್ಪ ಕಂಡರು. ಮುಗಿದಾಗ ಮಗಳ ಪಾತ್ರದ ಹುಡುಗಿ ಓಡಿಬಂದು ಅವರನ್ನು ಅಪ್ಪಿಕೊಂಡಳು. ಅಪ್ಪುಗೆ ಪುಸ್ತಕದಲ್ಲೇ ಇತ್ತು. ಅವಳ ಕಣ್ಣೀರು ಇರಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ.

ಗೈಲ್ಸ್ ಪುಸ್ತಕ ಮುಚ್ಚಿದ. "ಇಂಥದ್ದನ್ನು ನಾನು ನೋಡಿಲ್ಲ," ಎಂದು ಮೂಗೊರೆಸಿಕೊಂಡ. ಅವರು ಒಳಗೆ ಬಂದೊಡನೆ, "ಎಡ್ವಿನ್, ಮುಂದಿನ ಊರಿಗೂ ನೀವೇ ಬನ್ನಿ, ಇದನ್ನೇ ಆಡಿ," ಎಂದ.

"ಇಲ್ಲ ಗೈಲ್ಸ್. ಲಂಡನ್ನಿಗೆ ಟಿಕೆಟ್ ಮಾಡಿಸು. ನಾನು ಬಂದ ಕೆಲಸ ಆಯಿತು."

ಆಮೇಲೆ ನನ್ನ ಹತ್ತಿರ ಬಂದರು. ಬಣ್ಣ ಬೆವರಿನಲ್ಲಿ ಇಳಿಯುತ್ತಿತ್ತು, ದೀಪ ಇನ್ನೂ ಕೈಯಲ್ಲೇ ಇತ್ತು. ಅಷ್ಟು ಹೊತ್ತು ಅಂಬಿಗನಾಗಿದ್ದ ಮನುಷ್ಯ ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ನನ್ನ ಮುಖವನ್ನೇ ನೋಡಿದರು.

"ಪ್ರಾಂಪ್ಟರ್ ಹೇಳಬೇಕು, ಮಿಸೆಸ್ ಹಿಲ್ಡಾ. ಎಲ್ಲಾದರೂ ತಪ್ಪಿತೇ?"

ಆ ಮಾತು ನನ್ನ ಪುಸ್ತಕದಲ್ಲಿರಲಿಲ್ಲ. ಆ ನಾಟಕ ನೆನಪಿರುವವರು ಅವರನ್ನು ಬಿಟ್ಟರೆ ಯಾರೂ ಉಳಿದಿರಲಾರರು.

"ಒಂದು ಪದವೂ ತಪ್ಪಲಿಲ್ಲ ಸರ್," ಎಂದೆ.