ನೋಡಿಯಾಗಿದೆ

"ನಿಂಗೆ ಕಿವಿ ಕೇಳಲ್ವಾ, ತಲೆ ಕೆಟ್ಟಿದ್ಯಾ? ನಿನ್ನ ನೋಡಿಯಾಗಿದೆ ಅಂತ ಇಲ್ಲೇ ಬರ್ದಿದೆ. ಒಂದ್ಸಲ ಅಲ್ಲ, ಐದು ಸಲ."

ಆರೋಗ್ಯ ಕೇಂದ್ರದ ಕೌಂಟರಿನವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಹಾಕಿ ಕಣ್ಣು ಮಂಜಾಗಿದ್ದ ಅವಳಿಗೆ ಅಕ್ಷರ ಕಾಣಲಿಲ್ಲ, ಐದು ಹಸಿರು ಗೆರೆ ಮಾತ್ರ ಕಂಡವು. ಡಾಕ್ಟರು ಇನ್ನೂ ನೋಡಿಲ್ಲ ಸಾರ್, ಅಂದಳು.

"ಡಾಕ್ಟರೇ ಯಾಕೆ ನೋಡ್ಬೇಕು? ಈಗ ಇಲ್ಲಿ ಟೀಮು. ಟೀಮಲ್ಲಿ ಯಾರು ನೋಡಿದ್ರೂ ನೋಡಿದ ಹಾಗೇ. ಸರಿ ಆ ಕಡೆ, ಮೈಯೆಲ್ಲ ಸೋಡದ ನಾತ."

ಅವಳು ಸರಿದಳು. ಸರಿಯುವುದು ಮೈಗೆ ರೂಢಿಯಾಗಿತ್ತು. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

ಎಡ ಕಂಕುಳಲ್ಲಿ ಗಂಟು ಕೈಗೆ ಸಿಕ್ಕಿ ಐದು ತಿಂಗಳಾಗಿತ್ತು. ಆಗ ಕಡಲೆಕಾಳಿನಷ್ಟಿತ್ತು. ಈಗ ನಿಂಬೆಹಣ್ಣಿನ ಗಾತ್ರಕ್ಕೆ ಬಂದು, ಇಸ್ತ್ರಿ ಮೇಜಿನ ಮೇಲೆ ಬಟ್ಟೆ ಎಳೆದು ಹಿಡಿಯುವಾಗ ತೋಳು ಜೋಮು ಹಿಡಿಯುತ್ತಿತ್ತು. ಅವಳ ಅಮ್ಮನಿಗೂ ಇಂಥದ್ದೇ ಗಂಟು ಬಂದಿತ್ತು. ತಡವಾಗಿ ತೋರಿಸಿದ್ದೇ ಅಮ್ಮನನ್ನು ತಿಂದುಹಾಕಿತ್ತು.

ಸುಳ್ಳು ಹೇಳಬಾರದು, ಮೊದಲ ದಿನ ಟೀಮು ಚೆನ್ನಾಗಿಯೇ ನಡೆದಿತ್ತು. ಹಿಂದೆ ಡಾಕ್ಟರೊಬ್ಬರೇ ಇದ್ದಾಗ ಇಡೀ ದಿನ ಬೆಂಚು ಕಾಯಬೇಕಿತ್ತು. ಅಂದು ಕಾಲು ಗಂಟೆಯೊಳಗೆ ಸಿಸ್ಟರ್ ಕರೆದು ಗಂಟು ಮುಟ್ಟಿದರು, ಮುಖ ಚಿಕ್ಕದು ಮಾಡಿಕೊಂಡರು, ಇದನ್ನು ಡಾಕ್ಟರು ಈ ವಾರವೇ ನೋಡಬೇಕಮ್ಮ ಎಂದು ಬರೆದರು. ಅವರು ಬರೆದೊಡನೆ ಕೌಂಟರಿನಲ್ಲಿ ಅವಳ ಸರದಿ ಮುಗಿಯಿತು: ನೋಡಿಯಾಗಿದೆ. ಡಾಕ್ಟರಿಗೆ ಹೊಸ ಸರದಿ ಬೇಕು. ಅದಕ್ಕೆ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಬೇಕು, ಎಂಟೂ ಹತ್ತಕ್ಕೆಲ್ಲ ಅಂದಿನ ಸರದಿ ಖಾಲಿ. ಲಾಂಡ್ರಿಯ ಮಾಲೀಕನೋ ಎಂಟಕ್ಕೆ ಐದು ನಿಮಿಷ ಇರುವಾಗಲೇ ಎಲ್ಲರ ಫೋನನ್ನೂ ಪೆಟ್ಟಿಗೆಗೆ ಹಾಕಿಸಿ ಬೀಗ ಜಡಿಯುತ್ತಿದ್ದ.

ಹೀಗಾಗಿ ಕೆಲಸದ ನಡುವೆ ರಜೆ ಬೇಡಿ ನೇರ ಬಂದಾಗಲೆಲ್ಲ ಆ ಹೊತ್ತಿಗೆ ಬಿಡುವಾಗಿದ್ದವರು ಅವಳ ಪಾಲಿಗೆ ಸಿಕ್ಕರು. ಒಬ್ಬರು ಎಣ್ಣೆ ಕಡಿಮೆ ತಿನ್ನಿ ಅಂದರು. ಒಬ್ಬರು ಹೆಗಲಿಗೆ ವ್ಯಾಯಾಮ ಕಲಿಸಿದರು. ಮಾತ್ರೆ ಕೊಡುವವರು ನೋವಿನ ಮಾತ್ರೆ ಬದಲಿಸಿದರು. ಇನ್ನೊಬ್ಬರು ಪಕ್ಕದಲ್ಲೇ ಕೂತು, ಮನಸ್ಸಿಗೆ ಬೇಜಾರಿದೆಯಾ ಎಂದು ಕೇಳಿದರು. ಬೇಜಾರಿರದೆ ಇನ್ನೇನು! ಎಲ್ಲರೂ ನಯವಾಗಿಯೇ ಮಾತಾಡಿದರು, ಎಲ್ಲರೂ ಬರೆದುಕೊಂಡರು, ಪ್ರತಿ ಸಲವೂ ಅವಳ ಸರದಿ ಮುಗಿಯಿತು. ಗಂಟು ಮುಟ್ಟಿದ್ದ ಸಿಸ್ಟರನ್ನು ಬೇರೆ ಕೇಂದ್ರಕ್ಕೆ ಹಾಕಿದ್ದರು. ಗೋಡೆಯ ಮೇಲೆ ಹೊಸ ಬೋರ್ಡು ಬಂದಿತ್ತು: ಇಲ್ಲಿ ಯಾರೂ ಎರಡು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ.

ಮಧ್ಯಾಹ್ನ ಲಾಂಡ್ರಿಗೆ ಬಂದಾಗ ಮಾಲೀಕ ಊಟಕ್ಕೆ ಹೊರಟಿದ್ದ. "ಬಂದ್ಳು ಮಹಾರಾಣಿ. ಗಂಟಂತೆ ಗಂಟು. ಕೆಲಸಗಳ್ಳಿಗೆ ಮೈತುಂಬ ಗಂಟೇ." ಗಿರಾಕಿಗಳು ನಕ್ಕರು. ಅವಳು ತಲೆ ತಗ್ಗಿಸಿ ಒಳಗೆ ನಡೆದಳು.

ಒಳಗೆ ಒಗೆಯುವ ಯಂತ್ರದ ಪಕ್ಕ ಆರೋಗ್ಯ ಕೇಂದ್ರದ ವಾರದ ಬಟ್ಟೆಗಂಟು ಬಿಚ್ಚಿ ಬಿದ್ದಿತ್ತು. ಒಂಬತ್ತು ಬಿಳಿ ಕೋಟು. ಬಟ್ಟೆ ವಿಂಗಡಿಸಿ ಚೀಟಿ ಕಟ್ಟುವ ಮುದುಕಿಯನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತಿದ್ದರು. ಯಂತ್ರದವಳಿಗೆ ಅವಳ ಮೈಕಟ್ಟು ನೋಡಿ ಹಂಡೆ ಎಂದು ಹೆಸರಿಟ್ಟಿದ್ದರು. ಡಾಕ್ಟರು ಏನಂದರು ಎಂದು ಹಂಡೆ ಕೇಳಿದಳು. ಇಸ್ತ್ರಿಯವಳು ನೀರು ಕುಡಿದು, ಉಸಿರು ತಿರುಗಿಸಿಕೊಂಡು, ನಡೆದದ್ದನ್ನು ಹೇಳಿದಳು.

"ಬೋಳಿಮಕ್ಕಳು," ಅಂದಳು ಹಂಡೆ. "ಅವ್ರ ಬೆವರಿನ ಕೋಟು ಮಾತ್ರ ನಾವು ಎರಡೇ ದಿನದಲ್ಲಿ ಬೆಳ್ಳಗೆ ಮಾಡ್ಕೊಡ್ಬೇಕು."

ಚಿಕ್ಕಮ್ಮ ಒಂದು ಕೋಟನ್ನು ಎತ್ತಿ ಬೆಳಕಿಗೆ ಹಿಡಿದಳು. ಜೇಬಿನ ಹತ್ತಿರ ಶಾಯಿ ಇಳಿದಿತ್ತು. ತುಂಬ ಹೊತ್ತು ನೋಡಿ, ಚೀಟಿಯಲ್ಲಿ ಏನೋ ಬರೆದು ಕಟ್ಟಿದಳು. ಹಂಡೆ ಓದಿದಳು: ನೋಡಿಯಾಗಿದೆ.

ಹಂಡೆಗೆ ನಗು ತಡೆಯಲಾಗಲಿಲ್ಲ. ಅವಳೂ ಒಂದು ಕೋಟು ಎತ್ತಿ ಕಾಲರು ಮೂಸಿ, ಈ ಕೋಟಿಗೆ ಬಿಸಿಲು ಆಗೋದಿಲ್ಲ, ನೆರಳಲ್ಲಿ ಓಡಾಡೋಕೆ ಹೇಳಿ ಎಂದು ನಯವಾಗಿ ಸಲಹೆ ಕೊಟ್ಟಳು. ಇನ್ನೊಂದಕ್ಕೆ ಮನಸ್ಸಿಗೆ ಬೇಜಾರಿದೆಯಾ ಎಂದು ಕೇಳಿದಳು. ಇಸ್ತ್ರಿಯವಳು ನಗಲಿಲ್ಲ. ಪೆನ್ನು ತೆಗೆದುಕೊಂಡು ಉಳಿದ ಚೀಟಿಗಳಲ್ಲಿ ತಾನೇ ಬರೆದಳು, ಒಂದೊಂದರಲ್ಲೂ ಗುಂಡಗೆ, ನಿಧಾನವಾಗಿ. ನಾಳೆಗೆ ಕೆಲಸ ಹೋಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಬೇಡ ಅಂತ ಮಾತ್ರ ಯಾರೂ ಅನ್ನಲಿಲ್ಲ.

ಮರುದಿನ ಲಾಂಡ್ರಿಯಲ್ಲಿ ಫೋನಿನ ಪೆಟ್ಟಿಗೆಗೆ ಬೀಗ ಬೀಳುವ ಹೊತ್ತಿಗೆ ಅವಳು ಕೋಟುಗಳ ಗಂಟು ಹೊತ್ತು ಆರೋಗ್ಯ ಕೇಂದ್ರದ ಕೌಂಟರಿನ ಮುಂದಿದ್ದಳು. ಕೌಂಟರಿನವನು ಬಿಚ್ಚಿ ನೋಡಿದ. ಅದೇ ಶಾಯಿ, ಅದೇ ಬೆವರು.

"ಇದೇನೇ ಇದು? ಒಗೆದೇ ಇಲ್ಲ."

"ನೋಡಿಯಾಗಿದೆ ಸಾರ್. ನಮ್ದೂ ಟೀಮು, ಮೂರು ಜನ ನೋಡಿದೀವಿ. ಒಗೆಯೋಕೆ ಹೊಸ ಸರದಿ ಬೇಕು, ಎಂಟಕ್ಕೆ ಫೋನ್ ಮಾಡಿ."

ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಯಾರೋ ಕಿಸಕ್ಕೆಂದರು. ಅವನು ಬೈಯತೊಡಗಿದ. ಅವಳು ಕೌಂಟರಿನ ಅಂಚು ಹಿಡಿದು ನಿಂತೇ ಇದ್ದಳು. ಗದ್ದಲಕ್ಕೆ ಒಳಗಿನ ಬಾಗಿಲು ತೆರೆಯಿತು. ಬರೀ ಷರಟಿನಲ್ಲಿದ್ದ ಡಾಕ್ಟರು ಹೊರಗೆ ಬಂದು, ನನ್ನ ಕೋಟು ಬಂತಾ ಎಂದು ಕೇಳಿದರು.

ಐದು ತಿಂಗಳಲ್ಲಿ ಅವಳು ಆ ಮುಖ ನೋಡಿದ್ದು ಅದೇ ಮೊದಲು. ಅವಳಿಗಿಂತ ಚಿಕ್ಕ ವಯಸ್ಸು, ಅವಳಷ್ಟೇ ನಿದ್ದೆಗೆಟ್ಟ ಕಣ್ಣು.

"ಏಯ್, ಸರಿ ಆ ಕಡೆ," ಅಂದ ಕೌಂಟರಿನವನು.

ಅವಳು ಸರಿಯಲಿಲ್ಲ. ಬೆಂಚಿನವರೆಲ್ಲ ನೋಡುತ್ತಿರುವಂತೆಯೇ ಅಂಗಿಯ ತೋಳನ್ನು ಹೆಗಲವರೆಗೆ ಸುತ್ತಿ, ಡಾಕ್ಟರ ಮುಖದೆದುರು ಎಡಗೈಯನ್ನು ಎತ್ತಿದಳು.